‘ಮರಳಿ ಪಡೆದ’ ಕಡಲು: ಮುಂಬಯಿಯ ನೆಲಜಲಗಳಿಗೆ ಇಂಗ್ಲಿಷ್ ಇಟ್ಟ ಹೆಸರುಗಳು

ಬಾಂದ್ರಾ ಪಶ್ಚಿಮದಲ್ಲಿ ಒಂದು ಪ್ರದೇಶಕ್ಕೆ ‘ರೆಕ್ಲಮೇಶನ್’ ಎಂದೇ ಹೆಸರು. ಬಸ್ಸಿನ ಫಲಕದಲ್ಲಿ, ರಿಕ್ಷಾದವರ ಬಾಯಲ್ಲಿ, ಮನೆ ಮಾರಾಟದ ಜಾಹೀರಾತಿನಲ್ಲಿ ಅದು ಹಳೆಯ ಊರೊಂದರ ಹೆಸರಿನಷ್ಟೇ ಸಹಜವಾಗಿ ಸಲ್ಲುತ್ತದೆ. ಆ ಇಂಗ್ಲಿಷ್ ಪದಕ್ಕೆ ‘ಕಳೆದುಕೊಂಡದ್ದನ್ನು ಮರಳಿ ಪಡೆಯುವುದು’ ಎಂಬ ಅರ್ಥವಿದೆ ಎಂದು ನೆನೆಯುವವರು ಕಡಿಮೆ. ಹಾರಿಹೋದ ಬೇಟೆಯ ಗಿಡುಗವನ್ನು ಮತ್ತೆ ಮುಷ್ಟಿಯ ಮೇಲಕ್ಕೆ ಕರೆಯುವುದಕ್ಕೂ ಹಿಂದಿನ ಇಂಗ್ಲಿಷರು ಇದೇ ಮಾತನ್ನು ಬಳಸುತ್ತಿದ್ದರು. ಆದರೆ ಬಾಂದ್ರಾದ ಆ ನೆಲ ಯಾರ ಕೈಯಿಂದಲೂ ತಪ್ಪಿಹೋಗಿರಲಿಲ್ಲ. ಅಲ್ಲಿದ್ದುದು ಕಡಲು ಮತ್ತು ಉಬ್ಬರವಿಳಿತದ ಕೆಸರು. ಇದೇ ಕೆಲಸಕ್ಕೆ ಮರಾಠಿ ‘ಭರಾವ್’ ಎನ್ನುತ್ತದೆ, ಎಂದರೆ ತುಂಬಿಸಿದ್ದು. ಮರಾಠಿಯ ಮಾತು ನಡೆದ ಕೆಲಸವನ್ನು ಹೇಳುತ್ತದೆ. ಇಂಗ್ಲಿಷಿನ ಮಾತು ಹಕ್ಕನ್ನು ಸ್ಥಾಪಿಸುತ್ತದೆ.

ನಿಸರ್ಗವನ್ನು ಕುರಿತ ಇಂಗ್ಲಿಷ್ ಪದಗಳನ್ನು ನಾವು ಸಾಮಾನ್ಯವಾಗಿ ಶಾಲೆಯ ಪಾಠದಂತೆ ಕಲಿಯುತ್ತೇವೆ: ಈ ವಸ್ತುವಿಗೆ ಈ ಹೆಸರು. ಮುಂಬಯಿಯ ಮುನ್ನೂರೈವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಅವು ಅಷ್ಟು ಮುಗ್ಧವಾಗಿ ತೋರುವುದಿಲ್ಲ. ಇಲ್ಲಿ ಒಂದು ಜಾಗಕ್ಕೆ ಕಾಗದದ ಮೇಲೆ ಯಾವ ಹೆಸರು ಬಿತ್ತು ಎಂಬುದು, ಆ ಜಾಗ ಉಳಿಯಬೇಕೇ ಅಳಿಯಬೇಕೇ ಎಂಬುದನ್ನು ಹಲವು ಬಾರಿ ಮೊದಲೇ ತೀರ್ಮಾನಿಸಿದೆ.

1661ರ ವಿವಾಹ ಒಪ್ಪಂದದಲ್ಲಿ ಪೋರ್ಚುಗೀಸರು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಬಿಟ್ಟುಕೊಟ್ಟ ಮುಂಬಯಿ, 1668ರಲ್ಲಿ ವರ್ಷಕ್ಕೆ 10 ಪೌಂಡುಗಳ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಆಗ ಅದು ಏಳು ದ್ವೀಪಗಳ ಗುಂಪು. ನಡುವಿನ ತಗ್ಗುಗಳಲ್ಲಿ ಉಬ್ಬರದ ಹೊತ್ತಿಗೆ ದೋಣಿ ನಡೆಯುತ್ತಿತ್ತು, ಇಳಿತದ ಹೊತ್ತಿಗೆ ಕೆಸರು ಮೇಲೇಳುತ್ತಿತ್ತು. ಈ ತಗ್ಗುಗಳಿಗೆ ಕಂಪನಿಯವರು ‘ಫ್ಲ್ಯಾಟ್ಸ್’ ಎಂದರು. ಮಹಾಲಕ್ಷ್ಮಿ ಮತ್ತು ವರಳಿಯ ನಡುವೆ ಕಡಲು ಒಳನುಗ್ಗುತ್ತಿದ್ದ ಬಾಗಿಲನ್ನು ‘ಬ್ರೀಚ್’ ಎಂದರು. ಬ್ರೀಚ್ ಎಂದರೆ ಕೋಟೆಯ ಗೋಡೆಯಲ್ಲಿ ಬಿದ್ದ ಬಿರುಕು. ಬಿರುಕು ಎಂದ ಮೇಲೆ ಮುಚ್ಚಲೇಬೇಕು. ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಾಲದಲ್ಲಿ, 18ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಅದಕ್ಕೆ ಅಡ್ಡಲಾಗಿ ಒಡ್ಡು ಎದ್ದಿತು. ಆ ಒಡ್ಡಿನ ‘ವೆಲ್ಲಾರ್ಡ್’ ಎಂಬ ಹೆಸರು ಪೋರ್ಚುಗೀಸಿನಿಂದ ಬಂದದ್ದು. ಜೌಗಿನ ಆವಿಯಿಂದ ಜ್ವರ ಹಬ್ಬುತ್ತದೆ ಎಂದು ಅಂದಿನ ವೈದ್ಯರು ನಂಬಿದ್ದರು. ‘ಮಲೇರಿಯಾ’ ಎಂಬ ಇಟಾಲಿಯನ್ ಪದಕ್ಕೆ ಕೆಟ್ಟ ಗಾಳಿ ಎಂದೇ ಅರ್ಥ. ಹೀಗೆ ತಗ್ಗನ್ನು ತುಂಬುವುದು ಆರೋಗ್ಯದ ಕಾರ್ಯವೂ ಆಯಿತು, ಆದಾಯದ ಕಾರ್ಯವೂ ಆಯಿತು.

ಆಯುರ್ವೇದದ ಗ್ರಂಥಗಳು ಇಂಥ ನೆಲವನ್ನು ಬೇರೆ ರೀತಿಯಲ್ಲಿ ಕಂಡಿದ್ದವು. ಅವು ದೇಶವನ್ನು ಜಾಂಗಲ, ಅನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತವೆ. ಜಾಂಗಲವೆಂದರೆ ಒಣ ಬಯಲು ಸೀಮೆ, ಅನೂಪವೆಂದರೆ ನೀರಿನ ಸೀಮೆ. ಅನೂಪಕ್ಕೆ ಅದರದೇ ರೋಗಗಳುಂಟು; ಅದರದೇ ಗಿಡಮೂಲಿಕೆ, ಮೀನು, ಹಕ್ಕಿಗಳೂ ಉಂಟು. ಅದು ಒಂದು ಬಗೆಯ ನೆಲ, ನೆಲದ ದೋಷವಲ್ಲ. ಇದೇ ‘ಜಾಂಗಲ’ ಇಂಗ್ಲಿಷಿಗೆ ಹೋಗಿ ‘ಜಂಗಲ್’ ಆಗಿ, ದಟ್ಟಡವಿ ಎಂಬ ತದ್ವಿರುದ್ಧ ಅರ್ಥವನ್ನು ಹೊತ್ತು ನಮ್ಮಲ್ಲಿಗೇ ಮರಳಿತು. ‘ಅನೂಪ’ಕ್ಕೆ ಆ ಪ್ರಯಾಣದ ಭಾಗ್ಯವೂ ಸಿಗಲಿಲ್ಲ.

ಮುಂಬಯಿಯ ಈ ಪದಕೋಶ ಮುಂಬಯಿಯಲ್ಲಿಯೇ ನಿಂತಿದ್ದರೆ ಕನ್ನಡಿಗರಾದ ನಮಗೆ ಅದು ನೆರೆಮನೆಯ ಕತೆಯಾಗುತ್ತಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗಾಯಿಸಲಾಯಿತು. 1956ರ ತನಕ ಅದು ಅಲ್ಲಿಯೇ ಉಳಿಯಿತು. ಕಾರವಾರ, ಕುಮಟೆ, ಶಿರಸಿಗಳ ಕಾಡಿಗೂ ಅಳಿವೆಗೂ ಹೆಸರಿಡುವ ಅಧಿಕಾರ ಕೋಟೆ ಪ್ರದೇಶದ ಕಚೇರಿಗಳಿಗೆ ಬಂತು. ಅಲ್ಲಿನ ಜನರ ಬಾಯಲ್ಲಿ ಕಾನು, ಬೆಟ್ಟ, ಸೊಪ್ಪಿನಬೆಟ್ಟ, ಹಾಡಿ, ಬೇಣ, ಗಜನಿ ಎಂದು ನೆಲದ ಬಗೆಗಳಿದ್ದವು. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಬಳಕೆ, ಒಂದೊಂದು ಕಟ್ಟುಪಾಡು. ಅಡಿಕೆ ತೋಟಕ್ಕೆ ಸೊಪ್ಪು ಬರುವುದು ಸೊಪ್ಪಿನಬೆಟ್ಟದಿಂದ. ಅಘನಾಶಿನಿಯ ಗಜನಿಯಲ್ಲಿ ಮಳೆಗಾಲಕ್ಕೆ ಉಪ್ಪುನೀರನ್ನು ತಾಳುವ ಕಗ್ಗ ಭತ್ತ; ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕಂದಾಯದ ಇಂಗ್ಲಿಷಿನಲ್ಲಿ ಸಾಗುವಳಿಯಾಗದ, ತೆರಿಗೆ ಬಾರದ ನೆಲಕ್ಕೆ ‘ವೇಸ್ಟ್’ ಎಂಬ ಒಂದೇ ಪದ ಸಾಕಾಗಿತ್ತು. ಮರವಿದ್ದರೆ ‘ಫಾರೆಸ್ಟ್’. 1878ರ ಕಾಯಿದೆಯ ನಂತರ ಅದರಲ್ಲಿಯೂ ‘ರಿಸರ್ವ್ಡ್’, ‘ಪ್ರೊಟೆಕ್ಟೆಡ್’ ಎಂಬ ಭೇದ. ಕಾನಿಗೆ ಹೋಗಿ ಜೇನು, ಸೊಪ್ಪು, ಸೌದೆ ತರುತ್ತಿದ್ದವನು ಹೊಸ ಭಾಷೆಯಲ್ಲಿ ‘ಸವಲತ್ತು’ ಬೇಡುವವನಾದ. ಕುಮರಿ ಬೇಸಾಯ ಮಾಡುತ್ತಿದ್ದವನು ಕಾಡು ಹಾಳುಮಾಡುವವನಾದ. ಹಕ್ಕು ಹೋದದ್ದು ಕೊಡಲಿಯಿಂದಲ್ಲ, ಲೇಖನಿಯಿಂದ.

ಇದೇ ವೇಳೆ ಮುಂಬಯಿಯಲ್ಲಿ ‘ರೆಕ್ಲಮೇಶನ್’ ಎಂಬುದು ಜೂಜಿನ ಹೆಸರಾಯಿತು. ಅಮೆರಿಕದ ಅಂತರ್ಯುದ್ಧದಿಂದ ಇಲ್ಲಿನ ಹತ್ತಿಗೆ ಬೆಲೆ ಏರಿ, ಹಣದ ಹೊಳೆ ಹರಿದ 1860ರ ದಶಕದಲ್ಲಿ ಬ್ಯಾಕ್ ಬೇ ಕಡಲನ್ನು ತುಂಬುವ ಕಂಪನಿಯ ಶೇರುಗಳಿಗೆ ಜನ ಮುಗಿಬಿದ್ದರು. ಇನ್ನೂ ಹುಟ್ಟದ ನೆಲದ ಕಾಗದಗಳು ಕೈಯಿಂದ ಕೈಗೆ ಮಾರಾಟವಾದವು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಕಂಪನಿಯೂ ಮುಳುಗಿತು. 1920ರ ದಶಕದಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಅದೇ ಯೋಜನೆಯನ್ನು ಸರ್ಕಾರದ ಹೆಸರಿನಲ್ಲಿ ಮತ್ತೆ ಎತ್ತಿಕೊಂಡರು. ಗೋಡೆಯೊಳಗೆ ತುಂಬಿದ ಹೂಳು ಸಂದುಗಳಿಂದ ಸೋರಿ ಕಡಲನ್ನೇ ಸೇರತೊಡಗಿತು. ಜನ ಅದಕ್ಕೆ ‘ಲಾಯ್ಡರ ಮೂರ್ಖತನ’ ಎಂದು ಹೆಸರಿಟ್ಟರು. ಅದರ ಅವ್ಯವಹಾರಗಳನ್ನು ಬಯಲಿಗೆಳೆದ ವಕೀಲ ಕೆ. ಎಫ್. ನರೀಮನ್ ಮಾನನಷ್ಟ ಮೊಕದ್ದಮೆಯನ್ನು ಎದುರಿಸಿ ಗೆದ್ದರು. ಕಡಲು ತುಂಬುವ ಯೋಜನೆಯ ವಿರುದ್ಧ ಹೋರಾಡಿದ ಆ ಮನುಷ್ಯನ ಹೆಸರನ್ನೇ ಸ್ವಾತಂತ್ರ್ಯಾನಂತರ ಕಡಲು ತುಂಬಿ ಪಡೆದ ನರೀಮನ್ ಪಾಯಿಂಟ್ ಹೊತ್ತಿದೆ.

ಇಂಗ್ಲಿಷಿನಲ್ಲಿ ಇದ್ದುದೆಲ್ಲ ಕಂದಾಯದ ಭಾಷೆಯೇ ಎಂದರೆ ಅನ್ಯಾಯವಾದೀತು. 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಒಬ್ಬರು. ಭಾರತೀಯರಾದ ಆತ್ಮಾರಾಮ ಪಾಂಡುರಂಗ, ಸಖಾರಾಮ ಅರ್ಜುನರೂ ಇದ್ದರು. ಐಟ್ಕನ್ ಉದ್ಯೋಗದಿಂದ ಉಪ್ಪು ಮತ್ತು ಸುಂಕದ ಇಲಾಖೆಯವರು. ಉತ್ತರ ಕನ್ನಡದಲ್ಲಿಯೂ ಇದ್ದು, ಅಲ್ಲಿನ ಕಾಡಿನ ಹುಳ, ಹಕ್ಕಿ, ಚಿಟ್ಟೆಗಳನ್ನು ಕುರಿತು ನವಿರಾದ ಹಾಸ್ಯದಿಂದ ಬರೆದರು. ಹಗಲಿಗೆ ಸುಂಕದ ಇಂಗ್ಲಿಷ್, ಬಿಡುವಿಗೆ ಅಕ್ಕರೆಯ ಇಂಗ್ಲಿಷ್, ಎರಡೂ ಒಬ್ಬನ ನಾಲಿಗೆಯ ಮೇಲೆ. 1941ರಲ್ಲಿ ಸಲೀಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕ ಬಂದಾಗ ಈ ಎರಡನೆಯ ಧಾರೆ ಸಾವಿರಾರು ಮನೆಗಳನ್ನು ಮುಟ್ಟಿತು. ಜೊತೆಗೆ ಮಂಗಟ್ಟೆ ‘ಹಾರ್ನ್‌ಬಿಲ್’ ಆಗಿ, ಕೆಂಬೂತ ‘ಕೂಕಲ್’ ಆಗಿ ನೆಲೆಗೊಂಡವು. ನಗರದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಹಕ್ಕಿಯನ್ನು ಕಾಣಿಸಿಕೊಟ್ಟದ್ದೂ ಇಂಗ್ಲಿಷ್, ಅದರ ಮನೆಯ ಹೆಸರನ್ನು ಮರೆಸಿದ್ದೂ ಇಂಗ್ಲಿಷ್.

ತಪ್ಪು ಹೆಸರಿಗೆ ನಗರ ತೆತ್ತ ಬೆಲೆಗೆ ಮೀಠಿ ನದಿಗಿಂತ ದೊಡ್ಡ ಸಾಕ್ಷಿಯಿಲ್ಲ. ವಿಹಾರ ಮತ್ತು ಪವಯಿ ಕೆರೆಗಳ ಕೋಡಿಯ ನೀರನ್ನು ಹೊತ್ತು, ಸುಮಾರು 18 ಕಿಲೋಮೀಟರ್ ಹರಿದು ಅದು ಮಾಹಿಮ್ ಖಾಡಿಯನ್ನು ಸೇರುತ್ತದೆ. ಮೀಠಿ ಎಂದರೆ ಸಿಹಿ. ಕಾರ್ಖಾನೆಗಳ ಕೊಳೆ ಸೇರಿ, ದಂಡೆ ಕಿರಿದಾದಂತೆ ಅದು ಜನರ ಮಾತಿನಲ್ಲಿ ‘ನಾಲಾ’ ಆಯಿತು. ಹಿಂದುಸ್ತಾನಿಯಿಂದ ಇಂಗ್ಲಿಷಿಗೆ ಹೋದ ‘ನಲ್ಲಾ’ಕ್ಕೆ ಮುಂಬಯಿಯಲ್ಲಿ ಗಟಾರ ಎಂಬ ಅರ್ಥವೇ ಉಳಿದಿದೆ. ಮಂಡ್ಯದ ರೈತನಿಗೆ ‘ನಾಲೆ’ ಎಂದರೆ ಗದ್ದೆಗೆ ನೀರು ತರುವ ತಾಯಿ; ಧಾರಾವಿಯವನಿಗೆ ಅದು ಮೂಗು ಮುಚ್ಚಿಕೊಂಡು ದಾಟುವ ಕೊಳಚೆ. ನದಿಗೆ ದಡವಿರುತ್ತದೆ, ಪ್ರವಾಹದ ಬಯಲಿರುತ್ತದೆ, ಕಡಲು ಸೇರುವ ಅಳಿವೆಯಿರುತ್ತದೆ. ನಾಲಾಕ್ಕೆ ಇವೇನೂ ಬೇಕಿಲ್ಲ; ಅದನ್ನು ತಿರುಗಿಸಬಹುದು, ಕುಗ್ಗಿಸಬಹುದು, ಮುಚ್ಚಬಹುದು. ವಿಮಾನ ನಿಲ್ದಾಣದ ಬಳಿ ಅದನ್ನು ಬಾಗಿಸಲಾಯಿತು. ಅಳಿವೆಯ ಜೌಗಿನ ಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣ ಎದ್ದಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಉಬ್ಬರವೂ ಕೂಡಿಬಂದು, ನೀರಿಗೆ ನಿಲ್ಲಲು ಎಡೆಯಿರಲಿಲ್ಲ. ಮರುದಿನದ ಪತ್ರಿಕೆಗಳನ್ನು ಓದಿದ ಹಲವರಿಗೆ ತಮ್ಮ ಊರಿನಲ್ಲಿ ಒಂದು ನದಿಯಿದೆ ಎಂಬುದೇ ಹೊಸ ಸುದ್ದಿ.

ಆ ಪ್ರಳಯದ ಬಳಿಕ ಪದಗಳ ದಿಕ್ಕು ಸ್ವಲ್ಪ ಬದಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ಹೈಕೋರ್ಟು ಮ್ಯಾಂಗ್ರೋವ್ ಗಿಡಗಳನ್ನು ಕಡಿಯುವುದನ್ನು, ಅವುಗಳಿಂದ 50 ಮೀಟರ್ ಒಳಗೆ ಕಟ್ಟುವುದನ್ನು ತಡೆಯಿತು. 2018ರ ತೀರ್ಪಿನಲ್ಲಿ ಆ ರಕ್ಷಣೆ ಇನ್ನೂ ಗಟ್ಟಿಯಾಯಿತು. ನಿನ್ನೆಯವರೆಗೆ ‘ಸ್ವಾಂಪ್’ ಆಗಿದ್ದುದು ಇಂದು ‘ಫಾರೆಸ್ಟ್’. ‘ವೇಸ್ಟ್‌ಲ್ಯಾಂಡ್’ ಆಗಿದ್ದುದು ‘ವೆಟ್‌ಲ್ಯಾಂಡ್’ ಆಗಿ, 2022ರಲ್ಲಿ ಠಾಣೆ ಖಾಡಿ ರಾಮ್‌ಸರ್ ಪಟ್ಟಿಯನ್ನೂ ಸೇರಿತು. ಗಿಡ ಅದೇ, ಕೆಸರೂ ಅದೇ, ಹೆಸರು ಮಾತ್ರ ಬೇರೆ. ಮರಾಠಿಯ ‘ಕಾಂದಳವನ’ಕ್ಕೂ ನಮ್ಮ ಕರಾವಳಿಯ ‘ಕಾಂಡ್ಲಾ’ಕ್ಕೂ ಇರುವ ಹೋಲಿಕೆಯನ್ನು ಕಿವಿಯೇ ಗುರುತಿಸುತ್ತದೆ. ಇಲ್ಲಿನ ‘ಮಿಠಾಗರ’ದಲ್ಲಿಯೂ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿಯೂ ಇರುವುದು ಒಂದೇ ‘ಆಗರ’. ಭಾಂಡುಪ, ವಡಾಳಾಗಳ ಉಪ್ಪಿನ ಆಗರಗಳು ನಕ್ಷೆಯಲ್ಲಿ ಖಾಲಿ ಜಾಗದಂತೆ ಕಾಣುತ್ತವೆ. ಉಬ್ಬರದ ನೀರನ್ನು ಬರಮಾಡಿಕೊಂಡು ಕಳಿಸುವುದೇ ಆಗರದ ಕೆಲಸವೆಂದು ಬಲ್ಲವನಿಗೆ ಅದು ಖಾಲಿಯಲ್ಲ.

ಹೆಸರಿನ ಜಗಳ ಮುಗಿದಿಲ್ಲ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಗೋದಾವರ್ಮನ್ ಪ್ರಕರಣದಲ್ಲಿ, ಕಾಡು ಎಂದರೆ ದಾಖಲೆಯಲ್ಲಿ ಬರೆದದ್ದು ಮಾತ್ರವಲ್ಲ, ನಿಘಂಟಿನ ಅರ್ಥಕ್ಕೆ ಸಲ್ಲುವುದೂ ಕಾಡೇ ಎಂದಿತು. ಆದರೆ 1949ರಲ್ಲಿ ಹಾಲಿನ ಕಾಲೊನಿಯಾಗಿ ಆರಂಭವಾದ ಆರೆಯ ಪಾಲಿಗೆ ಆ ನಿಘಂಟು ಒದಗಲಿಲ್ಲ. ವಾರಲಿ ಪಾಡಾಗಳಿರುವ, ಚಿರತೆ ಸುಳಿಯುವ ಆ ಹಸಿರನ್ನು ಕಾಡೆಂದು ಘೋಷಿಸಬೇಕೆಂಬ ಮನವಿಯನ್ನು 2019ರ ಅಕ್ಟೋಬರ್ 4ರಂದು ಹೈಕೋರ್ಟು ತಳ್ಳಿಹಾಕಿತು. ಸರ್ವೋಚ್ಚ ನ್ಯಾಯಾಲಯ ಮೂರು ದಿನಗಳ ನಂತರ ತಡೆಯುವಷ್ಟರಲ್ಲಿ ಮೆಟ್ರೋ ಡಿಪೋಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದ್ದವು. ಒಂದು ನಾಮಪದದ ಅರ್ಥ ವ್ಯಾಪ್ತಿಯನ್ನು ಕುರಿತ ವಾದ ಹೀಗೆ ಗರಗಸದ ಸದ್ದಿನಲ್ಲಿ ಕೊನೆಗೊಂಡಿತು. ಇನ್ನೊಂದೆಡೆ, ಕರಾವಳಿ ರಸ್ತೆಗಾಗಿ ಸುಮಾರು 111 ಹೆಕ್ಟೇರ್ ಕಡಲನ್ನು ಮತ್ತೆ ‘ರೆಕ್ಲೇಮ್’ ಮಾಡಲಾಯಿತು. ವರಳಿ ಕೋಳಿವಾಡದ ಮೀನುಗಾರರು, ಸೇತುವೆಯ ಕಂಬಗಳ ನಡುವಿನ 60 ಮೀಟರ್ ಅಂತರದಲ್ಲಿ ತಮ್ಮ ದೋಣಿಗಳು ಸುರಕ್ಷಿತವಾಗಿ ನುಸುಳಲಾರವು ಎಂದು ಪಟ್ಟುಹಿಡಿದು, ಅದನ್ನು 120 ಮೀಟರಿಗೆ ಏರಿಸಿಕೊಂಡರು. ಎಂಜಿನಿಯರರ ನಕ್ಷೆಯಲ್ಲಿ ಅಂತರವಾಗಿದ್ದುದು ಕೋಳಿಗಳ ಮಾತಿನಲ್ಲಿ ದಾರಿಯಾಗಿತ್ತು.

ಇದರಲ್ಲಿ ನಮ್ಮ ಪಾಲೂ ಇದೆ. ಮುಂಬಯಿಗೆ ಬಂದ ಕನ್ನಡಿಗರಲ್ಲಿ ಹಲವರು ಅಳಿವೆಯ ಕಡೆಯವರೇ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಇಲ್ಲಿ ಸ್ಥಾಪಿತವಾಯಿತು. ಹನೇಹಳ್ಳಿಯ ಯಶವಂತ ಚಿತ್ತಾಲರೂ ಗೋಕರ್ಣದ ಜಯಂತ ಕಾಯ್ಕಿಣಿಯವರೂ ಈ ನಗರವನ್ನು ಕನ್ನಡಕ್ಕೆ ತಂದುಕೊಟ್ಟರು. ಉಬ್ಬರ, ಇಳಿತ, ಅಳಿವೆ, ಕಾಂಡ್ಲಾ, ಗಜನಿ, ಆಗರ ಎಂಬ ಪದಗಳು ನಮ್ಮ ಹಿರಿಯರ ಗಂಟಿನಲ್ಲಿಯೇ ಬಂದಿದ್ದವು. ಆದರೂ ತುಂಬಿದ ನೆಲದ ಮೇಲಿನ ಮನೆಗಳಲ್ಲಿ ಕುಳಿತು ನಾವು ಖಾಡಿಯನ್ನು ‘ಗಟಾರ’ವೆಂದೂ ಆಗರವನ್ನು ‘ಖಾಲಿ ಪ್ಲಾಟ್’ ಎಂದೂ ಕರೆಯುವುದನ್ನು ರೂಢಿಸಿಕೊಂಡೆವು. ಇಂಗ್ಲಿಷನ್ನು ಬಿಡಬೇಕೆಂಬುದು ಇಲ್ಲಿನ ವಾದವಲ್ಲ. ನ್ಯಾಯಾಲಯದಲ್ಲಿ ಕಾಂಡ್ಲಾವನ್ನು ಉಳಿಸಿದ್ದು ‘ಮ್ಯಾಂಗ್ರೋವ್’ ಎಂಬ ಪದವೇ. ಆದರೆ ಸರ್ಕಾರಿ ಪ್ರಕಟಣೆ ಒಂದು ಜಾಗವನ್ನು ‘ವೇಸ್ಟ್’ ಎಂದಾಗ, ಅಲ್ಲಿ ದುಡಿದವರು ಅದನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳುವುದಕ್ಕಾದರೂ ಹಳೆಯ ಪದಗಳು ನಮ್ಮ ಬಳಿ ಇರಬೇಕು. ಅವು ಆಗ ಸಾಕ್ಷಿಯಾಗಿ ನಿಲ್ಲುತ್ತವೆ.

‘ಎನ್ವಿರಾನ್‌ಮೆಂಟ್’ ಎಂಬುದಕ್ಕೆ ಮರಾಠಿ ‘ಪರ್ಯಾವರಣ’ವನ್ನು ಆರಿಸಿಕೊಂಡಿತು, ಕನ್ನಡ ‘ಪರಿಸರ’ವನ್ನು. ಮುಂಬಯಿಯ ಮರಾಠಿಯಲ್ಲಿ ‘ಪರಿಸರ’ವೆಂದರೆ ಇಂದಿಗೂ ಮನೆಯ ಸುತ್ತಲಿನ ಕೇರಿ, ವಠಾರ. ನಾವು ಇಲ್ಲಿ ಪರಿಸರ ಎಂದಾಗ ನೆರೆಯವರು ಕಟ್ಟಡದ ಹಿಂದಿನ ಖಾಡಿಯ ಕಡೆಗೆ ತಿರುಗಿ ನೋಡುತ್ತಾರೆ. ಮಾತನ್ನು ಅಲ್ಲಿಂದಲೇ ಆರಂಭಿಸಬಹುದು.