ಜೇಡಿಮಣ್ಣಿನ ಗುಳಿ ಹೇಳಿದ ವೇಗ

ಚಲಿಸುವ ವಸ್ತುವಿನ ಶಕ್ತಿಯನ್ನು ಅಳೆಯುವುದು ಹೇಗೆ? ಯೂರೋಪಿನ ಪಂಡಿತರನ್ನು ಎರಡು ಪಾಳೆಯಗಳಾಗಿ ಒಡೆದ ಪ್ರಶ್ನೆ ಇದು. ತೂಕವನ್ನು ವೇಗದಿಂದ ಗುಣಿಸಿದರಾಯಿತು ಎಂದರು ಫ್ರಾನ್ಸಿನ ಡೆಕಾರ್ಟ್‌ನ ಅನುಯಾಯಿಗಳು. ವೇಗದಿಂದಲ್ಲ, ವೇಗದ ವರ್ಗದಿಂದ ಗುಣಿಸಬೇಕೆಂದು ಜರ್ಮನಿಯ ಲೈಬ್ನಿಟ್ಸ್ 1686ರಲ್ಲಿ ವಾದಿಸಿದ. ಆತನ ಲೆಕ್ಕದಲ್ಲಿ ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ.

ಬರೀ ಮಾತಿನಿಂದ ತೀರುವ ತಕರಾರಾಗಿರಲಿಲ್ಲ ಇದು. 1722ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗ್ರಾವೆಸಾಂಡೆ, ಒಂದೇ ಗಾತ್ರದ ಆದರೆ ಬೇರೆ ಬೇರೆ ತೂಕದ ಹಿತ್ತಾಳೆ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ಗುಳಿಗಳನ್ನು ಹೋಲಿಸಿದ. ಅರ್ಧ ತೂಕದ ಗುಂಡು ಭಾರದ ಗುಂಡಿನಷ್ಟೇ ಗುಳಿ ಮಾಡಬೇಕಾದರೆ ಅದನ್ನು ಎರಡರಷ್ಟು ಎತ್ತರದಿಂದ ಬಿಡಬೇಕಾಯಿತು. ಎತ್ತರ ಎರಡರಷ್ಟಾದರೆ ನೆಲ ಮುಟ್ಟುವ ವೇಗ ಎರಡರಷ್ಟಾಗುವುದಿಲ್ಲ, ಸುಮಾರು 1.4ರಷ್ಟಾಗುತ್ತದೆ, ಗೆಲಿಲಿಯೋನ ಕಾಲದಿಂದಲೂ ತಿಳಿದಿದ್ದ ಸಂಗತಿ. 1.4ನ್ನು 1.4ರಿಂದಲೇ ಗುಣಿಸಿದರೆ ಹೆಚ್ಚುಕಡಿಮೆ ಎರಡು. ಅಲ್ಲಿಗೆ ವರ್ಗವೇ ಸರಿ. ನ್ಯೂಟನ್ನನ ಅಭಿಮಾನಿಯಾಗಿದ್ದ ಗ್ರಾವೆಸಾಂಡೆ ಈ ವಿಷಯದಲ್ಲಿ ಲೈಬ್ನಿಟ್ಸನ ಪಕ್ಷ ಸೇರಿದ.

ಫ್ರಾನ್ಸಿನಲ್ಲಿ ಈ ಪ್ರಯೋಗದ ತೂಕ ಅರಿತವಳು ಎಮಿಲಿ ದು ಶಾತ್ಲೆ. 1740ರಲ್ಲಿ ಪ್ರಕಟವಾದ ತನ್ನ ಭೌತವಿಜ್ಞಾನದ ಗ್ರಂಥದಲ್ಲಿ ಆಕೆ ವರ್ಗದ ಪರವಾಗಿ ನಿಂತಳು. ಒಡನಾಡಿ ವೋಲ್ಟೇರ್ ಎದುರು ಪಕ್ಷದಲ್ಲಿದ್ದ! ಮರುವರ್ಷ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಮೆರಾನ್ ಆಕೆಯನ್ನು ಖಂಡಿಸಿ ಬಹಿರಂಗ ಪತ್ರ ಬರೆದ. ಹೆಂಗಸರಿಗೆ ಸದಸ್ಯತ್ವವೇ ಇಲ್ಲದ ಸಂಸ್ಥೆ ಅದು. ಆಕೆ ಅಂಜಲಿಲ್ಲ; ಉತ್ತರ ಬರೆದು ಅಚ್ಚು ಹಾಕಿಸಿದಳು. ನ್ಯೂಟನ್ನನ ‘ಪ್ರಿನ್ಸಿಪಿಯಾ’ವನ್ನು ಫ್ರೆಂಚಿಗೆ ಅನುವಾದಿಸಿ ಮುಗಿಸಿದ 1749ರಲ್ಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆಗ ವಯಸ್ಸು 42. ಆ ಅನುವಾದ ಪೂರ್ಣವಾಗಿ ಹೊರಬಂದದ್ದು ಹತ್ತು ವರ್ಷಗಳ ನಂತರ.

ಹಾಗೆಂದು ಡೆಕಾರ್ಟ್ ಪಕ್ಷದವರು ಪೂರ್ತಿ ಸೋತರೆನ್ನುವಂತಿಲ್ಲ. ಅವರ ಗುಣಲಬ್ಧವೂ ಸಂವೇಗವೆಂಬ ಹೆಸರಿನಲ್ಲಿ ಉಳಿದುಕೊಂಡಿದೆ. 1829ರಲ್ಲಿ ಕೊರಿಯೋಲಿಸ್ ಬಲವನ್ನು ದೂರದಿಂದ ಗುಣಿಸಿದ್ದಕ್ಕೆ ‘ಕೆಲಸ’ವೆಂದು ಕರೆದು, ಲೈಬ್ನಿಟ್ಸನ ಲೆಕ್ಕವನ್ನು ಅರ್ಧಕ್ಕಿಳಿಸಿ ಎರಡನ್ನೂ ಸರಿದೂಗಿಸಿದ. ವಸ್ತುವನ್ನು ನಿಲ್ಲಿಸಲು ನಡೆದ ಕೆಲಸ ಗೊತ್ತಾದರೆ ಅದರ ವೇಗವನ್ನು ಹಿಂದಿನಿಂದ ಲೆಕ್ಕ ಹಾಕಬಹುದು.

ರಸ್ತೆ ಅಪಘಾತದ ತನಿಖೆಯಲ್ಲಿ ಟೈರು ಉಜ್ಜಿದ ಗುರುತಿಗೆ ಟೇಪು ಹಿಡಿಯುವುದು ಇದಕ್ಕಾಗಿಯೇ. ಒಣ ಟಾರು ರಸ್ತೆಯ ಘರ್ಷಣಾಂಕ 0.7 ಎಂದಿಟ್ಟುಕೊಂಡರೆ, ಗಾಲಿಗಳು ಉರುಳದೆ 14 ಮೀಟರು ಜಾರಿ ನಿಂತ ಕಾರಿನ ವೇಗ ಗಂಟೆಗೆ ಸುಮಾರು 50 ಕಿ.ಮೀ. ವೇಗ 100 ಆಗಿದ್ದರೆ ಗುರುತು 28 ಮೀಟರಲ್ಲ, 56 ಮೀಟರು. ಕಾರಿನ ತೂಕ ಕೇಳುವ ಅಗತ್ಯವೇ ಇಲ್ಲ. ಸಮೀಕರಣದ ಎರಡೂ ಬದಿಯಲ್ಲಿರುವುದರಿಂದ ಅದು ಹೊಡೆದುಹೋಗುತ್ತದೆ.