ಅದಿರಿನ ಬಂಡಿ, ಆಟದ ಬಂಡಿ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ಆಫೀಸಿನಲ್ಲಿ ರಿಲೀಸು, ಅದು ಇದು ಅಂತ ಸಬೂಬು ಹೇಳಬಹುದು. ಆದರೆ ನಿಜ ಏನಂದ್ರೆ, ಕಳೆದ ಮೂರು ಭಾನುವಾರ ನಾನು ರೋಲರ್ ಕೋಸ್ಟರ್ ಕಟ್ಟುತ್ತಾ ಕೂತಿದ್ದೆ. :-)

'ರೋಲರ್ ಕೋಸ್ಟರ್ ಟೈಕೂನ್' ನೆನಪಿದೆಯಾ? ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಮಾಡಿದ, 1999ರಲ್ಲಿ ಬಂದ ಆಟ. ಅದನ್ನು ಹೆಚ್ಚುಕಮ್ಮಿ ಪೂರ್ತಿ ಅಸೆಂಬ್ಲಿ ಭಾಷೆಯಲ್ಲೇ ಬರೆದಿದ್ದು ಅಂತ ಗೊತ್ತಾದಾಗ, ಮೈಕ್ರೋಪ್ರೊಸೆಸರ್ ಲ್ಯಾಬಿನಲ್ಲಿ ಎರಡು ಸಂಖ್ಯೆ ಕೂಡಿಸಲು ಪರದಾಡುತ್ತಿದ್ದ ನನಗೆ ಆತನ ಮೇಲೆ ಭಕ್ತಿಯೇ ಬಂದಿತ್ತು. ಚಿಕ್ಕವನಿದ್ದಾಗ ಚಿತ್ತವಾಡ್ಗಿಯಲ್ಲಿ ಮಾಮಾನ ಮನೆಯ ಕಂಪ್ಯೂಟರಿನಲ್ಲಿ, ಕರೆಂಟು ಇದ್ದಷ್ಟು ಹೊತ್ತು ಆಡಿದ್ದು. 2002ರಲ್ಲಿ ಬಂದ ಅದರ ಎರಡನೇ ಭಾಗ, 2014ರಲ್ಲಿ ಶುರುವಾದ ಓಪನ್‌ಆರ್‌ಸಿಟಿ2 ಎಂಬ ಮುಕ್ತ ತಂತ್ರಾಂಶದ ದಯೆಯಿಂದ ಈಗಿನ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಈ ಸಲ ನಮ್ಮೂರಿನದೇ ಒಂದು ಪುಟ್ಟ ಪಾರ್ಕು ಮಾಡೋಣ ಅನ್ನಿಸಿತು. ಜಾಗ ಸಣ್ಣದು. ದೊಡ್ಡ ಕೋಸ್ಟರ್ ಒಂದೇ, ಮಕ್ಕಳಿಗೆ ಒಂದು ಚಿಕ್ಕದು. ಯಾವುದು?

ಹೊಸಪೇಟೆ ಅಂದಮೇಲೆ ಮೊದಲು ಹೊಳೆಯೋದು ಹಂಪಿ ತಾನೇ. ಆಟದಲ್ಲಿ ಸಿಗುವ ರೋಮನ್ ಕಂಬಗಳನ್ನು ಸಾಲಾಗಿ ನಿಲ್ಲಿಸಿ ಬಜಾರು ಮಾಡಿದೆ, ಅದರ ತಲೆಯ ಮೇಲೆ ಲೂಪ್ ಹಾಕುವ ಉಕ್ಕಿನ ಕೋಸ್ಟರ್ ಎಳೆದೆ. ಹತ್ತು ನಿಮಿಷ ನೋಡಿ ಅಳಿಸಿಬಿಟ್ಟೆ. ಈ ಆಟ ಬಂದ 1999ರಲ್ಲೇ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತ್ತು. ಕಾರಣ, ಸ್ಮಾರಕಗಳ ನಡುವೆ ಕಟ್ಟುತ್ತಿದ್ದ ತೂಗುಸೇತುವೆಗಳು. 2006ರಲ್ಲಿ ಪಟ್ಟಿಯಿಂದ ಬಿಟ್ಟರು. 2009ರ ಜನವರಿಯಲ್ಲಿ ಆನೆಗೊಂದಿ ಸೇತುವೆ ಕಟ್ಟುವಾಗಲೇ ಕುಸಿದು ಕೆಲಸಗಾರರ ಜೀವ ಹೋಯಿತು. ಆಟದಲ್ಲಾದರೂ ಆ ಕಲ್ಲುಗಳನ್ನು ಅವುಗಳ ಪಾಡಿಗೆ ಬಿಡೋಣ ಅನ್ನಿಸಿತು.

ಮರದ ಕೋಸ್ಟರ್‌ಗೆ ಜಾಗ ಸಾಲದು. ವೈಲ್ಡ್ ಮೌಸ್ ಜಾಗ ಕಡಿಮೆ ತಿನ್ನುತ್ತೆ, ನಿಜ, ಆದರೆ ಅದು ಯಾವ ಊರಿನದೂ ಆಗಬಹುದು. ಪಟ್ಟಿಯಲ್ಲಿ ಕೆಳಗೆ ಇಳಿಯುತ್ತಾ ಹೋದಾಗ ಸಿಕ್ಕಿದ್ದು ಮೈನ್ ಟ್ರೈನ್. ಗಣಿ ರೈಲು. ಅಲ್ಲಿಗೆ ಕೈ ನಿಂತಿತು. ಹೊಸಪೇಟೆಯಿಂದ ಅರ್ಧ ಗಂಟೆ ದಾಟಿದರೆ ಸಂಡೂರು. ನಮಗಿಂತ ಹತ್ತಿರದ ಗಣಿ ಯಾರಿಗಿದೆ?

ಆಮೇಲೆ ಓದುತ್ತಾ ಹೋದಾಗ ಗೊತ್ತಾದದ್ದು, ಗಣಿ ರೈಲು ಬರೀ ಒಂದು ಅಲಂಕಾರ ಅಲ್ಲ, ಅಮೆರಿಕದ ಮಟ್ಟಿಗೆ ರೋಲರ್ ಕೋಸ್ಟರಿನ ಮೂಲವೇ ಗಣಿ! ರಷ್ಯಾದ ಮಂಜಿನ ಜಾರುಬಂಡೆ, 1817ರಲ್ಲಿ ಪ್ಯಾರಿಸ್ಸಿನಲ್ಲಿ ಗಾಲಿ ಹಾಕಿ ಮಾಡಿದ 'ರಷ್ಯನ್ ಬೆಟ್ಟ', ಇವೆಲ್ಲ ಮೊದಲೇ ಇದ್ದವು. ಆದರೆ ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಊರಿನ ಕತೆ ಬೇರೆ. ಅಲ್ಲಿ ಬೆಟ್ಟದ ಮೇಲೆ ಕಲ್ಲಿದ್ದಲು, ಕೆಳಗೆ ನದಿ. 1827ರಲ್ಲಿ ಸುಮಾರು 14 ಕಿಲೋಮೀಟರ್ ಹಳಿ ಹಾಕಿದರು. ಎಂಜಿನ್ ಇಲ್ಲ, ಲೋಡಾದ ಬಂಡಿಗಳು ತಮ್ಮ ಭಾರಕ್ಕೇ ಇಳಿದು ಬರಬೇಕು. ಬ್ರೇಕು ಹಿಡಿಯಲು ಒಬ್ಬ ಆಳು. ಖಾಲಿ ಬಂಡಿಗಳನ್ನು ಮೇಲಕ್ಕೆ ಎಳೆಯೋದು ಹೇಸರಗತ್ತೆಗಳು. ಇಳಿಯುವಾಗ ಅವಕ್ಕೂ ಒಂದು ಬಂಡಿ, ಕೂತೇ ಬರುತ್ತಿದ್ದವು. ಒಮ್ಮೆ ಈ ಸುಖ ಕಂಡ ಹೇಸರಗತ್ತೆಗಳು ನಡೆದು ಇಳಿಯಲು ಒಪ್ಪುತ್ತಲೇ ಇರಲಿಲ್ಲವಂತೆ. (ನಮ್ಮ ಕ್ಯಾಬ್ ನೆನಪಾಯಿತು.)

ಕೆಲವೇ ವರ್ಷಗಳಲ್ಲಿ ಜನ ದುಡ್ಡು ಕೊಟ್ಟು ಆ ಬಂಡಿಯಲ್ಲಿ ಕೂರಲು ಶುರುಮಾಡಿದರು. 1840ರ ದಶಕದಲ್ಲಿ ಮೇಲೆಳೆಯಲು ಉಗಿಯಂತ್ರ ಬಂತು. 1872ರಲ್ಲಿ ಸುರಂಗ ಕೊರೆದು ಕಲ್ಲಿದ್ದಲಿಗೆ ಬೇರೆ ದಾರಿಯಾದ ಮೇಲೆ ಈ ಹಳಿಗೆ ಉಳಿದದ್ದು ಪ್ರವಾಸಿಗಳು ಮಾತ್ರ. ಲಮಾರ್ಕಸ್ ಥಾಂಪ್ಸನ್ ಎಂಬಾತ 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 5 ಸೆಂಟಿನ ಟಿಕೆಟ್ಟಿಟ್ಟು 'ಸ್ವಿಚ್‌ಬ್ಯಾಕ್ ರೈಲ್ವೆ' ತೆರೆದ. ಗಂಟೆಗೆ ಹತ್ತು ಕಿಲೋಮೀಟರ್ ವೇಗ, ನಮ್ಮೂರ ಸೈಕಲ್ಲೇ ವಾಸಿ. ಆದರೂ ಜನ ಮುಗಿಬಿದ್ದರು. ಗಣಿ ರೈಲು ಅನ್ನೋ ಹೆಸರಿಟ್ಟುಕೊಂಡೇ ಉಕ್ಕಿನ ಕೋಸ್ಟರ್ ಬಂದದ್ದು 1966ರಲ್ಲಿ, ಟೆಕ್ಸಾಸ್‌ನಲ್ಲಿ. ಆಟದಲ್ಲಿರೋದು ಆ ವಂಶದ್ದು.

ಇಲ್ಲಿಗೆ ನನ್ನ ಓದು ಮುಗಿಯಬೇಕಿತ್ತು. ಆದರೆ 'ಲೋಡು ಇಳಿಯುತ್ತೆ, ಖಾಲಿ ಹತ್ತುತ್ತೆ' ಅನ್ನೋದು ನನಗೆ ಪೆನ್ಸಿಲ್ವೇನಿಯಾದಿಂದ ಕಲಿಯಬೇಕಾದ ವಿಷಯವೇನಲ್ಲ. ನಮ್ಮಪ್ಪ ಅದಿರಿನ ಲಾರಿ ಓಡಿಸುತ್ತಿದ್ದರು. ಸಂಡೂರು ಘೋರ್ಪಡೆ ಅರಸರ ಸಂಸ್ಥಾನವಾಗಿದ್ದ ಕಾಲದಿಂದ ಮ್ಯಾಂಗನೀಸ್ ತೆಗೆದ ಬೆಟ್ಟಗಳವು. ಸಂಸ್ಥಾನ ಭಾರತದಲ್ಲಿ ಸೇರಿದ್ದು 1949ರಲ್ಲಿ. ಆದರೆ ನಾನು ಕಂಡ ಗಣಿ, ಚೀನಾಕ್ಕೆ ಕಬ್ಬಿಣದ ಅದಿರು ಹೋಗುತ್ತಿದ್ದ ಕಾಲದ್ದು. ರಸ್ತೆ ಬದಿಯ ಜಾಲಿಗಿಡ, ಎಮ್ಮೆ, ಒಣಗಲು ಹಾಕಿದ ಬಟ್ಟೆ ಎಲ್ಲಾ ಕೆಂಪು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಆ ಬೆಟ್ಟಗಳನ್ನು ನೋಡಿದವರಿಗೆ ಅದರಲ್ಲಿ ಅನುಮಾನವಿಲ್ಲ. 2013ರಲ್ಲಿ ನಿಯಮಗಳೊಂದಿಗೆ ಕೆಲವು ಗಣಿಗಳು ಮತ್ತೆ ಶುರುವಾದವು. ಅಷ್ಟರಲ್ಲಿ ಅಪ್ಪನ ಲಾರಿ, ಬ್ಯಾಂಕಿನ ಕಂತು ಕಟ್ಟಲಾಗದೆ, ಕೈಬಿಟ್ಟು ಹೋಗಿತ್ತು. ಎರಡನ್ನೂ ಒಟ್ಟಿಗೆ ಹೇಳೋದು ನನಗೆ ಇವತ್ತಿಗೂ ಕಷ್ಟ.

ಹಾಗಾಗಿ ಗಣಿಯನ್ನು ಆಟ ಮಾಡೋದು ಸರಿಯಾ ಅಂತ ಒಂದು ವಾರ ಕಂಪ್ಯೂಟರ್ ಮುಟ್ಟಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೇ ತೋರಿಸಿದೆ. ಇಪ್ಪತ್ತು ಮೀಟರ್ ಎತ್ತರದಿಂದ ಬಿಟ್ಟರೆ ಕೆಳಗೆ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ ಬರುತ್ತೆ, ಘರ್ಷಣೆ ಬಿಟ್ಟು, ಅಂತ ನನ್ನ ಫಿಸಿಕ್ಸ್ ಕೊರೆದೆ. ಕನ್ನಡಕ ಹಾಕಿಕೊಂಡು ಎರಡು ಸುತ್ತು ನೋಡಿದರು.

"ಏನಲೇ, ಇಷ್ಟು ಇಳಿಜಾರಾಗ ಬ್ರೇಕ್ ಎಲ್ಲೈತಿ?"

"ಕೊನೆಗೆ ಹಳಿಯಲ್ಲೇ ಇರುತ್ತಪ್ಪಾ, ಬಂಡಿಯಲ್ಲಿ ಇರಲ್ಲ."

"ಲೋಡ್ ಇದ್ದಾಗ ಗೇರ್‌ನಾಗ ಇಳಿಸ್ಬೇಕು. ಬ್ರೇಕ್ ತುಳ್ಕೊಂತ ಬಂದ್ರ ಸುಟ್ಟು ಹೋಗ್ತೈತಿ." ಸ್ವಲ್ಪ ಹೊತ್ತು ಬಿಟ್ಟು, "ಆ ತಿರುವು ಬಾಳ ಇಕ್ಕಟ್ಟಾತು ನೋಡು. ಅಲ್ಲಿ ಮಗುಚ್ತೈತಿ" ಅಂದರು.

ಹೇಳಿದ್ದು ಸರಿಯಾಗೇ ಇತ್ತು. ಆಟ ಕೊಡುವ ಅಂಕದಲ್ಲಿ ತೀವ್ರತೆ ಹತ್ತು ದಾಟಿತ್ತು. ಹತ್ತು ದಾಟಿದರೆ ಬಹುಪಾಲು ಜನ ಹತ್ತುವುದಿಲ್ಲ, ಬಾಗಿಲ ಹತ್ತಿರ ಬಂದು ವಾಪಸ್ಸು ಹೋಗುತ್ತಾರೆ. ಅಪ್ಪ ಹೇಳಿದಲ್ಲಿ ತಿರುವನ್ನು ಅಗಲ ಮಾಡಿ, ಹಳಿಯನ್ನು ಒಳಕ್ಕೆ ವಾಲಿಸಿದೆ. ತೀವ್ರತೆ ಇಳಿಯಿತು, ಮಜಾ ಹೆಚ್ಚಿತು, ಸಾಲು ಶುರುವಾಯಿತು.

ಮಾಕ್ ಚಂಕಿನ ಹಳಿ 1930ರ ದಶಕದಲ್ಲಿ ನಿಂತು ಗುಜರಿಗೆ ಹೋಯಿತು. ಊರು 1954ರಲ್ಲಿ ಹೆಸರನ್ನೇ ಬದಲಿಸಿಕೊಂಡು, ಜಿಮ್ ಥಾರ್ಪ್ ಅನ್ನೋ ಕ್ರೀಡಾಪಟುವಿನ ಹೆಸರಿಟ್ಟುಕೊಂಡು ಪ್ರವಾಸಿಗಳನ್ನು ಕರೆಯಿತು. ಹಳಿ ಇದ್ದ ದಾರಿಯಲ್ಲಿ ಈಗ ಜನ ಸೈಕಲ್ ಹೊಡೆಯುತ್ತಾರೆ. ಇದನ್ನೂ ಅಪ್ಪನಿಗೆ ಹೇಳಿದೆ. "ಹೇಸರಗತ್ತೆ ಏನಾದ್ವು?" ಅಂತ ಕೇಳಿದರು. ಉಗಿಯಂತ್ರ ಬಂದಮೇಲೆ ಅವುಗಳ ಕೆಲಸ ಮುಗಿದಿರಬೇಕು ಅಂದೆ. ಹೂಂ ಅಂದು ಚಹಾ ಕುಡಿಯಲು ಎದ್ದರು.

ಮಕ್ಕಳ ಕೋಸ್ಟರಿಗೆ ಇನ್ನೂ ಜಾಗ ಹುಡುಕಬೇಕು. ಹಳಿಗೆ ಬಣ್ಣ ಮಾತ್ರ ಆಯಿತು, ಕೆಂಪು.