ಗ್ಯಾಸಿನ ಕರೆಂಟು ಬಂದ ದಾರಿ

ಬೆಳ್ಳಿಹಬ್ಬದ ಸಂಚಿಕೆಗೆ ಕರೆಂಟಿನ ಚರಿತ್ರೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ನೀರಿನ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆಮೇಲೆ ಜೋಗ, ಶರಾವತಿ. ಮಳೆ ಬಂದರೆ ಬೆಳಕು, ಕೈಕೊಟ್ಟರೆ ಕತ್ತಲು. 1985ರಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರ ಶುರುವಾದರೂ ಸಾಲಲಿಲ್ಲ. ತ್ರೀ ಫೇಸ್ ಬರುವ ಹೊತ್ತು ಕಾದು, ನಡುರಾತ್ರಿ ಟಾರ್ಚ್ ಹಿಡಿದು ಪಂಪ್‌ಸೆಟ್ ಹಾಕಲು ಹೋಗುತ್ತಿದ್ದುದನ್ನು ನಮ್ಮ ಹಿರಿಯ ಸದಸ್ಯರಿಗೆ ನೆನಪಿಸಬೇಕಾಗಿಲ್ಲ.

ಈ ಕೊರತೆ ನೀಗಲೆಂದೇ 1990ರ ದಶಕದಲ್ಲಿ ಯಲಹಂಕದಲ್ಲಿ ಡೀಸೆಲ್ ಸ್ಥಾವರ ಎದ್ದಿತು. ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರಲ್ಲಿ ಇನ್ನೂ ವಿಚಿತ್ರ: ನದಿಯಲ್ಲಿ ತೇಲುವ ದೋಣಿಯ ಮೇಲೆ 220 ಮೆಗಾವ್ಯಾಟ್ ಸ್ಥಾವರ! ಗ್ಯಾಸಿನ ಬದಲು ದುಬಾರಿ ನಾಫ್ತಾ ಉರಿಸುತ್ತಿದ್ದರು. ಕೊನೆಗೆ 2010ರಲ್ಲಿ ಅದು ಆಂಧ್ರದ ಕಾಕಿನಾಡಕ್ಕೆ ಹೋಯಿತು. ಗ್ಯಾಸು ನಮ್ಮಲ್ಲಿಗೆ ಬರಲಿಲ್ಲವೆಂದು ಯಂತ್ರವೇ ಗ್ಯಾಸಿದ್ದಲ್ಲಿಗೆ ಹೋಯಿತು ಅನ್ನಿ.

ನಮ್ಮ ಕಡೆ ಗ್ಯಾಸು ಬಂದದ್ದು 2013ರಲ್ಲಿ, ಮಹಾರಾಷ್ಟ್ರದ ದಾಭೋಲಿನಿಂದ ಗೇಲ್ ಸಂಸ್ಥೆ ಹಾಕಿದ ಸುಮಾರು 1000 ಕಿಲೋಮೀಟರ್ ಕೊಳವೆಯಲ್ಲಿ. ಯಲಹಂಕದ ಹಳೆಯ ಡೀಸೆಲ್ ಜಾಗದಲ್ಲೇ ಕರ್ನಾಟಕ ವಿದ್ಯುತ್ ನಿಗಮ 370 ಮೆಗಾವ್ಯಾಟ್‌ನ ಗ್ಯಾಸ್ ಸ್ಥಾವರ ಕಟ್ಟಿತು. ಅದರ ಜಾಣತನ ನೋಡಿ: ಗ್ಯಾಸು ಉರಿದು ಮೊದಲ ಟರ್ಬೈನು ತಿರುಗುತ್ತದೆ. ಹೊರಬರುವ ಬಿಸಿಗಾಳಿಯನ್ನು ಬಿಡದೆ, ಅದರಿಂದ ನೀರು ಕಾಯಿಸಿ ಆ ಹಬೆಯಲ್ಲಿ ಎರಡನೆಯ ಟರ್ಬೈನು ತಿರುಗಿಸುತ್ತಾರೆ. ಅನ್ನ ಬೆಂದ ಒಲೆಯ ಕೆಂಡದಲ್ಲೇ ನಮ್ಮಜ್ಜಿಯರು ಗೆಣಸು ಸುಡುತ್ತಿದ್ದ ಲೆಕ್ಕ. ಕಲ್ಲಿದ್ದಲಿನ ಬೂದಿಯ ಕಾಟವಿಲ್ಲ, ಇಂಗಾಲದ ಹೊಗೆಯೂ ಸುಮಾರು ಅರ್ಧ.

ಆದರೆ ದಾರಿ ಸಲೀಸಾಗಿರಲಿಲ್ಲ. 2020ರ ಅಕ್ಟೋಬರಿನಲ್ಲಿ ಪರೀಕ್ಷೆಗೆ ಓಡಿಸುವಾಗ ಬೆಂಕಿ ಬಿದ್ದು ಎಂಜಿನಿಯರುಗಳು, ಕೆಲಸಗಾರರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಸ್ಥಾವರದ ಉದ್ಘಾಟನೆ ಆದದ್ದು 2024ರಲ್ಲಿ. ಗ್ಯಾಸಿನಲ್ಲಿ ಬಹುಪಾಲು ಹಡಗಿನಲ್ಲಿ ಹೊರದೇಶದಿಂದ ಬರುವ ಮಾಲು. ಅಲ್ಲಿ ಬೆಲೆ ಏರಿದರೆ ಇಲ್ಲಿ ಯೂನಿಟ್ ದರ ಏರುತ್ತದೆ. ರಿಂಗ್ ರಸ್ತೆಯ ಗಾಜಿನ ಕಟ್ಟಡದವರು ಅದನ್ನು ತಡೆದಾರು. ಹಿಟ್ಟಿನ ಗಿರಣಿ, ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡ ನಮ್ಮ ಸದಸ್ಯರ ಗತಿಯೇನು ಎಂಬುದನ್ನು ದರ ನಿಗದಿ ಮಾಡುವವರು ಯೋಚಿಸಬೇಕು.

ಇನ್ನೊಂದು ಮಾತು. ಕೊಳವೆಯಲ್ಲಿ ಬರುವ ಗ್ಯಾಸು ಮುಖ್ಯವಾಗಿ ಮೀಥೇನ್. ನಮ್ಮ ಬೆಳ್ಳಂದೂರು ಕೆರೆಯ ಕೊಳಚೆಯಲ್ಲೂ ಹುಟ್ಟುವುದು ಅದೇ. 2015ರಲ್ಲಿ ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಉರಿಯಿತು. 2018ರ ಜನವರಿಯಲ್ಲಿ ಹೊತ್ತಿದಾಗ ಒಣಹುಲ್ಲು ಎಂದರು, ಮೀಥೇನ್ ಎಂದರು. ಆರಿಸಲು ಸೈನಿಕರು ಸಾವಿರಗಟ್ಟಲೆ ಬರಬೇಕಾಯಿತು. ಅದೇ ಕೊಳಚೆಯನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿ ಗ್ಯಾಸು ಹಿಡಿದರೆ ಎಂಜಿನ್ ಓಡಿಸಿ ಕರೆಂಟು ತೆಗೆಯಬಹುದು. ಹಿತ್ತಿಲಲ್ಲಿ ಗೋಬರ್ ಗ್ಯಾಸ್ ಇಟ್ಟುಕೊಂಡಿದ್ದ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.